ನಮ್ಮ ಮನಿಯ ಬಣ್ಣ

ಮೂಡಲಗಿಗೆ ಹೊರಡುವ ಮುನ್ನ ಸತ್ತೆಪ್ಪ ಒಮ್ಮೆ ಹೊಲಕ್ಕೆ ಹೋಗಿ ಬಂದ. ಹೋಗುವಂಥ ಕೆಲಸವೇನೂ ಇರಲಿಲ್ಲ. ಹಿಂಗಾರಿ ಜೋಳ ನಾಲ್ಕು ಬೆರಳು ಎದ್ದಿತ್ತು, ಎಡೆಕುಂಟೆ ಹೊಡೆಯಲು ಇನ್ನೂ ಎಂಟು ದಿನ ಬೇಕಿತ್ತು. ಆದರೂ ಸಾಲು ಹಿಡಿದು ತಲೆ ತಗ್ಗಿಸಿ ನಡೆದ. ನಡೆದಂತೆ ಅಲ್ಲೊಂದು ಇಲ್ಲೊಂದು ಕಣ್ಣಿಗೆ ಬಿದ್ದ ಬಿಳೇ ಸಸಿಗಳನ್ನು ಕಾಲಿನ ಹೆಬ್ಬೆರಳಿನಿಂದ ಮಣ್ಣಿಗೆ ಒತ್ತಿದ. ಅವು ರೋಗ ಬಡಿದು ಹಳದಿಯಾದವಲ್ಲ, ಹುಟ್ಟುತ್ತಲೇ ಹಾಲಿನಂಥ ಬಿಳಿ. ಉಳಿದವುಗಳ ಹಾಗೇ ನೆಟ್ಟಗೆ ಎದ್ದು, ಕಾಳಿನೊಳಗಿನ ಹಿಟ್ಟು ತೀರುವತನಕ ಹತ್ತು ದಿನ ಬದುಕಿ, ಆಮೇಲೆ ಬಿಸಿಲಿಗೆ ಸುಟ್ಟು ಹೋಗುವಂಥವು. ತಾವಾಗಿಯೇ ಸಾಯುವುದನ್ನು ಒತ್ತಿ ಕೊಲ್ಲುವ ಅಗತ್ಯವಿರಲಿಲ್ಲ. ಆದರೆ ಮೇಲವಂಕಿಯ ಅರ್ಧ ಊರು ಬಿತ್ತುವುದು ಸತ್ತೆಪ್ಪನ ಮನೆಯ ಬೀಜವನ್ನು. ಹೊಲದ ನಡುಮಧ್ಯದ ಸಾಲುಗಳಿಂದ ಆರಿಸಿದ ತೆನೆಗಳನ್ನು ಒಲೆಯ ಮೇಲಿನ ಜಂತಿಗೆ ಕಟ್ಟಿ ಹೊಗೆ ಕುಡಿಸಿ ಇಡುವುದು ಅವನ ಅಜ್ಜನ ಕಾಲದಿಂದ ಬಂದ ಪದ್ಧತಿ. ನಮ್ಮ ಬೀಜಕ್ಕೆ ಮೂರು ತಲೆಮಾರಿನಿಂದ ಹೊರಗಿನ ಬೀಜ ಬೆರೆತಿಲ್ಲ ಎಂದು ಅವನು ಚಾವಡಿಯಲ್ಲಿ ಹೇಳಿಕೊಳ್ಳುತ್ತಿದ್ದ. ಬಿಳೇ ಸಸಿಯ ಮಾತನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ. ಮೊದಲ ಹೆಂಡತಿ ತಾಯವ್ವ ಮನೆಬಿಟ್ಟು ಹೋದ ಮರುವರ್ಷ, ಯಾಕೆಂದು ತನಗೇ ತಿಳಿಯದೆ, ಬೀಜಕ್ಕೆಂದು ಕಟ್ಟಿದ್ದ ಒಂದೇ ತೆನೆಯ ಕಾಳನ್ನು ಹಿತ್ತಲ ಮಡಿಯಲ್ಲಿ ಬೇರೆಯಾಗಿ ಊರಿ ನೋಡಿದ್ದ. ನಾಲ್ಕಕ್ಕೆ ಒಂದು ಬಿಳಿ ಎದ್ದಿತು. ಉಳಿದ ಹಸಿರು ಸಸಿಗಳನ್ನು ತೆನೆ ಬಿಡುವತನಕ ಬೆಳೆಸಿ ಅವುಗಳ ಕಾಳನ್ನೂ ಊರಿದ. ಮೂರರಲ್ಲಿ ಎರಡು ತೆನೆ ಮತ್ತೆ ಬಿಳೇ ಸಸಿ ಕೊಟ್ಟವು. ಎಲೆ ನೋಡಿದರೆ ಯಾವುದು ಕೊಡುತ್ತದೆ, ಯಾವುದು ಕೊಡುವುದಿಲ್ಲ ಎಂದು ಯಾವ ಒಕ್ಕಲಿಗನೂ ಹೇಳಲಾರ. ಯಾರಿಗೂ ತಿಳಿಸದೆ ಯಮಕನಮರಡಿಯ ಬೀಜ ತಂದು ಬೆರೆಸಿದ ವರ್ಷ ಬಿಳಿ ಕಾಣಲಿಲ್ಲ. ತೊಳೆದು ಹೋಯಿತು ಅಂದುಕೊಂಡ. ಎರಡು ವರ್ಷಕ್ಕೆ ತಿರುಗಿ ಬಂತು. ಹೋಗಿರಲಿಲ್ಲ, ಅಡಗಿಕೊಂಡಿತ್ತು.

ಹೆಂಡತಿ ಸುಂದ್ರವ್ವ ಬುತ್ತಿಯ ಗಂಟು ತಂದು ಗಾಡಿಯಲ್ಲಿಟ್ಟಳು. ಮಗಳಿಗೆ ಅಂತ ಶೇಂಗಾದ ಹೋಳಿಗೆ ಬೇರೆ ಕಟ್ಟಿದ್ದಳು. ಕಾಶೆವ್ವನ ಮುಂದೆ ದನಿ ಏರಿಸಬೇಡ, ನಮ್ಮ ಬಸುರಿ ಹುಡುಗಿ ಆ ಮನೆಯಲ್ಲಿದ್ದಾಳೆ ಎಂದು ಎರಡು ಸಲ ಹೇಳಿದಳು. ಅವನು ಹೂಂ ಅಂದ. ಎರಡೂ ಮನೆಗಳ ನಡುವೆ ಸಾಟಿ ಲಗ್ನ ಮಾಡಿಸಿದ್ದು ಅವನೇ. ತಂಗಿ ಕಾಶೆವ್ವನ ಮಗಳು ಯಮನವ್ವನನ್ನು ತನ್ನ ಮಗ ಅಣ್ಣಪ್ಪನಿಗೆ ತಂದ, ಅದೇ ಹಂದರದಲ್ಲಿ ತನ್ನ ಮಗಳು ಚನ್ನವ್ವನನ್ನು ಕಾಶೆವ್ವನ ಮಗ ರಾಜಪ್ಪನಿಗೆ ಕೊಟ್ಟ. ಹೊರಗಿನ ರಕ್ತ ಬೇಡ, ಹೊಲ ಹರಿದು ಹಂಚಿ ಹೋಗುವುದು ಬೇಡ ಅಂತ. ಯಮನವ್ವ ಚೊಚ್ಚಲ ಬಾಣಂತನಕ್ಕೆ ತವರಿಗೆ ಹೋದವಳು ಐದು ವಾರದ ಹಿಂದೆ ಹಡೆದಳು. ಗಂಡು. ಮೈ ಬಿಳಿ, ಕೂದಲು ಬಿಳಿ, ರೆಪ್ಪೆಯೂ ಬಿಳಿ. ಸುದ್ದಿ ತಂದವನು ಕೂಸು ಅನ್ನಲಿಲ್ಲ, ‘ಅದು’ ಅಂದ. ಅಣ್ಣಪ್ಪ ನೋಡಲೂ ಹೋಗಲಿಲ್ಲ. ಸಾಲಿ ಮಾಸ್ತರನ ಕೈಲಿ ಸೋಡಚೀಟಿ ಬರೆಸಿದ: ಈ ಹೆಂಗಸಿಗೂ ನನಗೂ ಇಂದಿನಿಂದ ಸಂಬಂಧವಿಲ್ಲ, ಆಕೆ ಬೇಕಾದವರ ಕೂಡ ಉಡಕಿ ಆಗಬಹುದು. ಆ ಕಾಗದ ಈಗ ಸತ್ತೆಪ್ಪನ ತಲೆಯ ರುಮಾಲಿನ ಮಡಿಕೆಯಲ್ಲಿತ್ತು. ನೀನೂ ಬಾ, ಹಿರಿಯರ ಮುಂದೆ ನೀನೇ ಕೊಡು ಎಂದು ಕರೆದಾಗ ಮಗ ದನದ ಮೈ ತಿಕ್ಕುತ್ತಾ ತಿರುಗಿಯೂ ನೋಡದೆ ಅಂದಿದ್ದ:

“ನೀ ಮಾಡಿದ್ದನ್ನ ನಾ ಮಾಡಾಕತ್ತೇನಿ. ನಿನಗ ಹಾದಿ ಗೊತ್ತೈತಿ, ನೀನ ಹೋಗಿ ಬಾ.”

ಹಾದಿ ಗೊತ್ತಿತ್ತು. ಇಪ್ಪತ್ತೆರಡು ವರ್ಷದ ಹಿಂದೆ ಕೌಜಲಗಿಯ ಹಾದಿ, ಇಂದು ಮೂಡಲಗಿಯದು, ಅಷ್ಟೇ ವ್ಯತ್ಯಾಸ. ತಾಯವ್ವ ಕೌಜಲಗಿಯ ಅಕ್ಕ ಯಲ್ಲವ್ವನ ಮಗಳು. ಲಗ್ನವಾದ ಮೇಲೂ ಅವನನ್ನು ಮಾವಾ ಎಂದೇ ಕರೆಯುತ್ತಿದ್ದಳು, ಕರೆದು ನಾಲಿಗೆ ಕಚ್ಚಿಕೊಳ್ಳುತ್ತಿದ್ದಳು. ಅವಳು ಬಿಳೇ ಹೆಣ್ಣು ಹಡೆದಾಗ ಅವನ ಕಾಲು ಬಾಣಂತಿಯ ಹೊರಸಿನವರೆಗೆ ಹೋಗಿ ನಿಂತಿತು. ಅವಳು ಹೆದರಿರಲಿಲ್ಲ. ಸೋಜಿಗ ನೋಡುವ ಹಾಗೆ ಕೂಸಿನ ಕೂದಲು ಸವರುತ್ತಾ, “ಮಾವಾ, ಹತ್ತಿ ಇದ್ದಂಗ ಐತಿ ನೋಡು,” ಅಂದಳು. ಅಂದು ಸಂಜೆ ಅವ್ವ ಅವನನ್ನು ದನದ ಕೊಟ್ಟಿಗೆಗೆ ಕರೆದು ಹೇಳಿದಳು. ಇದು ನಮ್ಮ ರಕ್ತದ್ದು ಅಂದರೆ ನಿನಗೆ ಇನ್ನೊಂದು ಹೆಣ್ಣು ಯಾರೂ ಕೊಡುವುದಿಲ್ಲ, ಕಾಶೆವ್ವನನ್ನು ಯಾರೂ ಒಯ್ಯುವುದಿಲ್ಲ. ಅವಳದು ಅಂದರೆ ಅವಳೊಬ್ಬಳೇ ಹೋಗುತ್ತಾಳೆ. ಹಿಂದಿನ ಬೇಸಿಗೆ ಮಾವಿನ ತೋಪಿನಲ್ಲಿ ಡೇರೆ ಹೊಡೆದಿದ್ದ ಬಿಳಿಯ ಸರ್ವೇ ಸಾಹೇಬನಿಗೆ ನಾಲ್ಕು ದಿನ ಮಜ್ಜಿಗೆ ಒಯ್ದವಳು ಯಾರು ಎಂದು ಅವ್ವ ಕೇಳಿದಳು. ಒಯ್ಯಲು ಹೇಳಿದವನು ಸತ್ತೆಪ್ಪನೇ. ಗಡಿಕಲ್ಲಿನ ತಕರಾರು ಇತ್ತು, ಸಾಹೇಬನನ್ನು ಚಲೋ ಇಟ್ಟುಕೊಳ್ಳಬೇಕಿತ್ತು. ಕೂಸು ಸಾಹೇಬನದು ಎಂಬ ಮಾತನ್ನು ಮೊದಲ ಸಲ ಬಾಯಿಬಿಟ್ಟು ಆಡಿದಾಗ ಅದು ಎಷ್ಟು ಸಲೀಸಾಗಿ ನಿಂತಿತೆಂದರೆ ಅವನಿಗೇ ಬೆರಗಾಯಿತು. ಒಂದು ತಿಂಗಳಾಗುವಷ್ಟರಲ್ಲಿ ಅವನು ಅದನ್ನು ನಂಬಿದ್ದ, ಅವಳ ಮೇಲೆ ಸಿಟ್ಟೂ ಬಂದಿತ್ತು. ಹೋಗುವಾಗ ಅವಳ ಬೆನ್ನಿಗೆ ಹೊಡೆದಿದ್ದ. ಆ ಏಟು ಮಾತ್ರ ಸುಳ್ಳಿನ ಏಟಾಗಿರಲಿಲ್ಲ.

ಗಾಡಿ ಹೊಳೆಗೆ ಇಳಿಯಿತು. ಆ ವರ್ಷ ಮಳೆ ಹಿಂದುಳಿದು ನೀರು ಎತ್ತಿನ ಮೊಣಕಾಲಿಗೂ ಇರಲಿಲ್ಲ. ಬಿಸಿಲು ನೀರಿನಿಂದ ಎದ್ದು ಕಣ್ಣಿಗೆ ಹೊಡೆಯುತ್ತಿತ್ತು, ಅವನು ಕಣ್ಣು ಕಿರಿದು ಮಾಡಿದ. ಹೀಗೆ ಕಣ್ಣು ಕಿರಿದು ಮಾಡಿದಾಗಲೆಲ್ಲ ಬಿಳೇ ಕಾಕಾನ ಮುಖ ತನ್ನ ಮುಖದ ಮೇಲೆ ಬಂದು ಕೂತ ಹಾಗಾಗುತ್ತಿತ್ತು. ಅಪ್ಪನ ತಮ್ಮ. ನಡುಮನೆಯ ಹಿಂದಿನ ಕತ್ತಲ ಕೋಣೆಯಲ್ಲಿ ಪುಂಡಿಯ ನಾರಿನ ಹಗ್ಗ ಹೊಸೆಯುತ್ತಾ ಕೂತಿರುತ್ತಿದ್ದ. ಬೀಗರು ಬಂದರೆ ಆ ಬಾಗಿಲಿಗೆ ಜೋಳದ ಚೀಲ ಒಟ್ಟುತ್ತಿದ್ದರು. ಅವನ ಕಣ್ಣುಗುಡ್ಡೆ ಒಂದು ಕಡೆ ನಿಲ್ಲುತ್ತಿರಲಿಲ್ಲ, ಅತ್ತಿತ್ತ ನಡುಗುತ್ತಿತ್ತು, ಆದರೆ ಬೆರಳು ಎಂದೂ ತಪ್ಪುತ್ತಿರಲಿಲ್ಲ. ಪ್ಲೇಗಿನ ವರ್ಷ ಇಲಿ ಬಿದ್ದು ಊರು ಖಾಲಿಯಾಯಿತು. ಎಲ್ಲರೂ ಹೊಲದಲ್ಲಿ ಗುಡಿಸಲು ಹಾಕಿಕೊಂಡರು. ಬಯಲ ಬಿಸಿಲಿಗೆ ಕಾಕಾನ ಮೈ ಬೊಬ್ಬೆ ಏಳುತ್ತದೆ, ಅದಕ್ಕಿಂತ ಹೆಚ್ಚಾಗಿ ಬಯಲಲ್ಲಿ ಎಲ್ಲರೂ ನೋಡುತ್ತಾರೆ, ಅವನು ಮನೆಯಲ್ಲೇ ಇರಲಿ ಅಂದರು. ದಿನಾ ರೊಟ್ಟಿ ಒಯ್ದು ಹೊಸ್ತಿಲ ಮೇಲಿಟ್ಟು ಬರುವ ಕೆಲಸ ಎಂಟು ವರ್ಷದ ಸತ್ತೆಪ್ಪನದು. ಒಂದು ದಿನ ಹೊಸ್ತಿಲಲ್ಲಿ ಸತ್ತ ಇಲಿ ಕಂಡಿತು. ಅವನು ಬೇವಿನ ಮರದ ಕೆಳಗೆ ಕೂತು ರೊಟ್ಟಿ ತಾನೇ ತಿಂದು, ಕೊಟ್ಟು ಬಂದೆ ಅಂದ. ಮರುದಿನವೂ ತಿಂದ. ಅದರ ಮರುದಿನವೂ ತಿಂದ. ನಾಲ್ಕನೆಯ ದಿನ ಅಪ್ಪ ಹೋಗಿ ಬಂದು, ತಮ್ಮನನ್ನು ಪ್ಲೇಗು ಒಯ್ತು ಅಂದ. ಅವ್ವ ಅತ್ತಂತೆ ಮಾಡಿದಳು. ಕಾಶೆವ್ವ ಅದಾದ ಮೇಲೆ ಹುಟ್ಟಿದವಳು, ಅವಳಿಗೆ ಅಂಥವನೊಬ್ಬ ಇದ್ದನೆಂಬುದೇ ತಿಳಿಯದು. ತಿಳಿದವರೆಂದು ಈಗ ಭೂಮಿಯ ಮೇಲೆ ಉಳಿದವರು ಅವನು ಮತ್ತು ಅಕ್ಕ ಯಲ್ಲವ್ವ.

ಮೂಡಲಗಿಯಲ್ಲಿ ತಂಗಿಯ ಮನೆಯ ಮುಂದೆ ಅಕ್ಕನ ಗಾಡಿ ಅವನಿಗಿಂತ ಮೊದಲೇ ಬಂದು, ಕೊಳ್ಳ ಹರಿದು ಎತ್ತು ಬಿಚ್ಚಿ ನಿಂತಿತ್ತು. ಅದನ್ನು ನೋಡಿ ಸತ್ತೆಪ್ಪ ತನ್ನ ಗಾಡಿಯನ್ನು ಒಂದಿಷ್ಟು ದೂರದಲ್ಲೇ ನಿಲ್ಲಿಸಿದ. ಯಲ್ಲವ್ವ ಬರುವಳೆಂದು ಯಾರೂ ಹೇಳಿರಲಿಲ್ಲ. ತಾಯವ್ವನ ಆ ಬಿಳೇ ಮಗಳು ಸಾತವ್ವ ದೊಡ್ಡವಳಾದಂತೆ ಕಣ್ಣು ಮಂಜಾಗಿ, ಯಲ್ಲವ್ವ ಮೊಮ್ಮಗಳನ್ನು ಮಿಶನ್ ದವಾಖಾನೆಗೆ ಒಯ್ದಿದ್ದಳು. ಅಲ್ಲಿಯ ಡಾಕ್ಟರಬಾಯಿ ಕಣ್ಣು ನೋಡುವ ಮೊದಲು, ಇದರ ಅಪ್ಪ ಅವ್ವ ಒಂದೇ ಮನೆತನದವರೋ ಎಂದು ಕೇಳಿದಳಂತೆ. ಹೌದೆಂದಾಗ, ಇದು ಒಬ್ಬರಿಂದ ಬರುವುದಲ್ಲ, ಅಪ್ಪ ಅರ್ಧ ಅವ್ವ ಅರ್ಧ ಕೊಟ್ಟರೇ ಆಗುವುದು, ಕೊಡುವವರ ಮೈಮೇಲೆ ಅದರ ಗುರುತೇ ಇರುವುದಿಲ್ಲ ಅಂದಳಂತೆ. ಯಲ್ಲವ್ವ ಇದನ್ನು ಕೌಜಲಗಿಯ ಸಂತೆಯಲ್ಲಿ, ಬದನೆಕಾಯಿ ಆರಿಸುತ್ತಾ, ತಮ್ಮನ ಕಡೆ ನೋಡದೆ ಹೇಳಿದ್ದಳು. ಅವನಿಗೆ ಹಿತ್ತಲ ಮಡಿಯ ಲೆಕ್ಕ ನೆನಪಾಗಿತ್ತು. ಅವಳೂ ಊರ ಮುಂದೆ ಎಂದೂ ಬಾಯಿ ಬಿಡಲಿಲ್ಲ. ಆಗ ಅವಳಿಗೆ ಲಗ್ನವಾಗದ ಹೆಣ್ಣುಮಕ್ಕಳು ಇನ್ನಿಬ್ಬರಿದ್ದರು, ಈಗ ಮೊಮ್ಮಕ್ಕಳು.

ಕಟ್ಟೆಯ ಮೇಲೆ ಕಂಬಳಿ ಹಾಸಿ ಊರ ಹಿರಿಯರ ದೈವ ಕೂತಿತ್ತು, ಐದು ಮಂದಿ. ಅಪ್ಪಣ್ಣ ಎಂಬವರು ಮುಖ್ಯಸ್ಥರು, ಮಾತಿಗೆ ಮುಂಚೆ ಗಂಟಲು ಸರಿಮಾಡಿಕೊಳ್ಳುವವರು. ಹೆಂಗಸರು ಬಾಗಿಲ ಒಳಗೆ. ಮೊದಮೊದಲು ಮಳೆಯ ಮಾತಾಯಿತು, ಎತ್ತಿನ ಮಾತಾಯಿತು. ಆಮೇಲೆ ಅಪ್ಪಣ್ಣ ಕಾಗದ ಓದಿಸಿದರು. ಹುಡುಗಿಯ ಮೇಲೆ ಅಪವಾದ ಹೊರಿಸುತ್ತೀರಿ, ಯಾರ ಹೆಸರು ಹೇಳುತ್ತೀರಿ ಎಂದು ಕೇಳಿದರು. ಸತ್ತೆಪ್ಪ ಉತ್ತರ ಹುಡುಕುವಷ್ಟರಲ್ಲಿ ಯಲ್ಲಾರಿ ಎಂಬ ಉಬ್ಬುಹಲ್ಲಿನ ಮುದುಕ ತಾನೇ ಶುರುಮಾಡಿದ. ಹೋದ ವರ್ಷ ಮೇಲವಂಕಿಯ ಹಾದಿಯಲ್ಲಿ ಬಿಳಿಯ ಅಂತ ಕಂಡವನು ಒಬ್ಬನೇ, ಫಟಫಟಿ ಮೇಲೆ ಬಂದ ಪಾದ್ರಿ. ಅವನು ಇಳಿಯಲೇ ಇಲ್ಲ, ನಾಯಿ ಬೆನ್ನು ಹತ್ತಿದ್ದವು. “ಇಳಿಯದ ಹ್ವಾದ್ರೂ ಇಷ್ಟು ಕೆಲಸ ಮಾಡಿ ಹ್ವಾದ ಅಂದ್ರ ಫಟಫಟಿ ಜೋರ ಐತಿ ಬಿಡ್ರಿ,” ಅಂದ. ನಕ್ಕರು. ಸತ್ತೆಪ್ಪನೂ ನಕ್ಕ. ನಗು ಅರ್ಧಕ್ಕೆ ಬಂದಾಗ ಒಳಗೆ ಬಾಗಿಲ ಸಂದಿಯಲ್ಲಿ ಯಮನವ್ವನ ಕಾಲು ಕಂಡಿತು. ಬಾಣಂತಿಯ ಅರಿಶಿನ ಹಚ್ಚಿದ ಕಾಲು, ಹೆಬ್ಬೆರಳು ನೆಲವನ್ನು ಒತ್ತುತ್ತಿತ್ತು. ಅವನ ತೊಡೆಯ ಮೇಲೆ ಬೆಳೆದವಳು. ಲಗ್ನದ ದಿನ ಅವಳನ್ನು ಹೊತ್ತು ಹಂದರಕ್ಕೆ ತಂದ ಸೋದರಮಾವ ಅವನೇ, ಹೊತ್ತು ತಂದು ಕೂರಿಸಿದ್ದು ತನ್ನ ಮಗನ ಎದುರಿಗೇ. ನಗುವನ್ನು ಎಲ್ಲಿ ನಿಲ್ಲಿಸಬೇಕೆಂದು ತಿಳಿಯದೆ ಅವನು ಕೆಮ್ಮಿದ.

ಆಗ ಕಾಶೆವ್ವ ಹೊರಗೆ ಬಂದಳು. ತಲೆಯ ಮೇಲೆ ಸೆರಗಿತ್ತು, ಕೈಯಲ್ಲಿ ಕೂಸು. ಹಿರಿಯರ ಕಡೆ ನೋಡಲಿಲ್ಲ. ನೆಟ್ಟಗೆ ಅಣ್ಣನ ಮುಂದೆ ಬಂದು ಕೂಸನ್ನು ಅವನ ತೊಡೆಯ ಮೇಲೆ ಹಾಕಿದಳು. ನಿಮ್ಮ ದೈವಕ್ಕೆ ನನ್ನ ಕೇಳಿಕೆ ಇಷ್ಟೇ ಅಂದಳು. ನನ್ನ ಅಣ್ಣ ಬೀಜ ನೋಡಿ ಹೊಲ ಹೇಳುವವನು. ಅವನೇ ಹೇಳಲಿ, ಅವನ ಮಾತಿಗೆ ನಾನು ಎದುರಾಡುವುದಿಲ್ಲ.

ಅಪ್ಪಣ್ಣ ಗಂಟಲು ಸರಿಮಾಡಿಕೊಂಡರು. “ಸತ್ತೆಪ್ಪನವರ, ಹೆಣ್ಣಿಗೆ ಸೋದರಮಾವನೂ ನೀವ, ಮಾವನೂ ನೀವ. ಎರಡೂ ಮನಿ ರಕ್ತ ನಿಮಗ ಗೊತ್ತು. ನಿಮ್ಮ ಮನ್ಯಾಗ ಹಿಂದ ಹಿಂಥಾದ್ದು ಆದದ್ದು ಐತೇನು? ಐತಿ ಅಂದ್ರ ಈ ಕಾಗದ ಇಲ್ಲೇ ಹರದು ಬಿಡ್ತೀವಿ.”

ಕೂಸು ಹಗುರಾಗಿತ್ತು, ಅವನು ಅಂದುಕೊಂಡದ್ದಕ್ಕಿಂತ ಬೆಚ್ಚಗಿತ್ತು. ಹೊರಗಿನ ಬೆಳಕಿಗೆ ಮುಖ ಹಿಂಡಿ ಅಳುವುದಕ್ಕೆ ಬಾಯಿ ತೆರೆದು, ಅವನು ಬಾಗಿದ್ದರಿಂದ ರುಮಾಲಿನ ನೆರಳು ಬಿದ್ದು, ಅಳದೆ ಕಣ್ಣು ತೆರೆಯಿತು. ಕಣ್ಣುಗುಡ್ಡೆ ಅತ್ತಿತ್ತ ನಡುಗಿತು. ಮೂಗು ಅವನ ಅಪ್ಪನದು. ಕಿವಿಯ ಹಾಲೆ ಅಣ್ಣಪ್ಪನದು, ತನ್ನದೂ ಅದೇ. ಯಾರಿಗಾದರೂ ಕಣ್ಣಿದ್ದರೆ ಕಾಣಬೇಕು. ಆದರೆ ಎಲ್ಲರೂ ಬಣ್ಣವನ್ನೇ ನೋಡುತ್ತಿದ್ದರು. ಐತಿ ಎಂಬ ಎರಡಕ್ಷರದ ಮಾತು ಗಂಟಲತನಕ ಬಂದಿತ್ತು, ಅವನಿಗೆ ಅದರ ರುಚಿ ಕೂಡ ಗೊತ್ತಾಯಿತು. ಅದನ್ನು ಉಗುಳಿದರೆ ಯಮನವ್ವ ನಾಳೆ ಇದೇ ಗಾಡಿಯಲ್ಲಿ ಮೇಲವಂಕಿಗೆ ಬರುತ್ತಾಳೆ, ಚನ್ನವ್ವ ತನ್ನ ಗಂಡನ ಮನೆಯಲ್ಲಿ ಉಳಿಯುತ್ತಾಳೆ. ಆಮೇಲೆ? ಆಮೇಲೆ ಒಬ್ಬನಾದರೂ ಕೇಳುತ್ತಾನೆ, ಹಾಗಾದರೆ ತಾಯವ್ವ? ಇಪ್ಪತ್ತೆರಡು ವರ್ಷ ಕಂಡವರ ಮನೆಯ ಜೋಳ ಬೀಸಿದ ತಾಯವ್ವ? ಬಾಗಿಲಲ್ಲಿ ಯಲ್ಲವ್ವ ಕೂತಿದ್ದಳು. ಅವನು ಅವಳ ಕಡೆ ನೋಡಿದ, ಬೇಡಿಕೊಂಡ ಹಾಗೆ. ಅವಳು ಹೇಳಿಬಿಟ್ಟರೆ ತಾನು ತಲೆ ಆಡಿಸಿದರೆ ಸಾಕು. ಅವಳ ಕಣ್ಣಲ್ಲಿ ಕರುಣೆಯೂ ಇರಲಿಲ್ಲ, ಸಿಟ್ಟೂ ಇರಲಿಲ್ಲ. ಸಂತೆಯಲ್ಲಿ ತಕ್ಕಡಿ ಹಿಡಿದವನ ಕೈ ನೋಡುವಂತೆ ಅವನ ಬಾಯಿ ನೋಡುತ್ತಿದ್ದಳು. ಆ ನೋಟವೇ ಅವನನ್ನು ಕೆರಳಿಸಿತು. ಕೂಸು ಅಷ್ಟರಲ್ಲಿ ಅವನ ಬೆರಳು ಹಿಡಿಯಿತು. ಅದನ್ನು ಬಿಡಿಸಿಕೊಳ್ಳುತ್ತಾ, ತನಗೇ ಅಪರಿಚಿತವಾದ ಗಟ್ಟಿ ದನಿಯಲ್ಲಿ ಸತ್ತೆಪ್ಪ ಅಂದ:

“ನಮ್ಮ ಮನ್ಯಾಗ ಹಿಂಥಾದ್ದು ಹಿಂದ ಆಗಿಲ್ಲ. ಮುಂದ ಆಗೂದೂ ಇಲ್ಲ.”

ಅಪ್ಪಣ್ಣ ಕಾಗದವನ್ನು ಮಡಿಸಿ ಕಾಶೆವ್ವನ ಕಡೆ ಚಾಚಿದರು. ಅವಳು ಅದನ್ನು ಎಡಗೈಯಲ್ಲಿ ತೆಗೆದುಕೊಂಡು ಬಲಗೈಯಲ್ಲಿ ಕೂಸನ್ನು ಎತ್ತಿಕೊಂಡಳು. ಅಳುತ್ತಾಳೆ, ಕಾಲಿಗೆ ಬೀಳುತ್ತಾಳೆ, ಆಗ ಚನ್ನವ್ವನನ್ನು ಇಲ್ಲೇ ಉಳಿಸಿಕೊಳ್ಳಲು ನಿಧಾನವಾಗಿ ಒಪ್ಪಿಸಬಹುದು ಎಂದು ಅವನು ಹಾದಿಯುದ್ದಕ್ಕೂ ಎಣಿಕೆ ಹಾಕಿದ್ದ. ಅವಳು ಒಳಗೆ ಹೋಗಿ ಚನ್ನವ್ವನ ಕೈಹಿಡಿದು ಹೊರಗೆ ಬಂದಳು. ಹಿಂದೆಯೇ ರಾಜಪ್ಪ ಒಂದು ಗಂಟು ತಂದು ಮಾವನ ಗಾಡಿಯಲ್ಲಿಟ್ಟು, ಹೆಂಡತಿಯ ಮುಖ ನೋಡದೆ, ಎತ್ತಿನ ಕೊರಳ ಹಗ್ಗ ಸರಿಯಾಗಿಯೇ ಇದ್ದರೂ ಸರಿಮಾಡುತ್ತಾ ನಿಂತ.

“ಅಣ್ಣಾ, ನನ್ನ ಮಗಳು ನನ್ನ ಹಂತ್ಯಾಕ ಬಂದ್ಲು, ನಿನ್ನ ಮಗಳು ನಿನ್ನ ಹಂತ್ಯಾಕ ಬರ್ಲಿ,” ಅಂದಳು ಕಾಶೆವ್ವ. “ಇಕಿಗೆ ಏಳು ತಿಂಗಳು. ಹಡೀಲಿ. ದೈವದ ಮುಂದ ನಿನ್ನ ಬಾಯಿಂದ ಬಂದೈತಿ, ನಿಮ್ಮ ರಕ್ತದಾಗ ಇಲ್ಲ ಅಂತ. ಕೂಸಿನ ಬಣ್ಣ ನೋಡ್ತೀವಿ. ನಮ್ಮಂಥಾ ಬಣ್ಣ ಇದ್ರ ವಾಲಗ ಊದಿಸಿ ಕರ್ಕೊಂಡು ಬರ್ತೀವಿ. ಇಲ್ಲಂದ್ರ ಇಂಥಾದ್ದ ಒಂದು ಕಾಗದ ನಮ್ಮ ಮನಿಯಿಂದನೂ ಬರತೈತಿ.”

ಅಪ್ಪಣ್ಣ ಇದು ನ್ಯಾಯ ಅಂದರು. ಉಳಿದವರೂ ಅಂದರು. ಯಲ್ಲಾರಿ ಈ ಸಲ ನಗಲಿಲ್ಲ. ಸತ್ತೆಪ್ಪನ ತಲೆಯಲ್ಲಿ ಹಿತ್ತಲ ಮಡಿಯ ಲೆಕ್ಕ ತಾನಾಗಿಯೇ ಓಡಿತು. ಯಮನವ್ವ ಕೊಟ್ಟದ್ದು ಕಾಶೆವ್ವನಿಂದ ಬಂದದ್ದು. ಹಾಗಾದರೆ ಅದೇ ಹೊಟ್ಟೆಯ ರಾಜಪ್ಪನಲ್ಲೂ ಇರಬಹುದು. ಅಣ್ಣಪ್ಪ ಕೊಟ್ಟದ್ದು ತನ್ನಿಂದ. ಹಾಗಾದರೆ ಚನ್ನವ್ವನಲ್ಲೂ. ಎಲೆ ನೋಡಿದರೆ ತಿಳಿಯುವುದಿಲ್ಲ. ಅವನು ಮಗಳ ಹೊಟ್ಟೆ ನೋಡಿದ, ಬೇರೆ ಕಡೆ ನೋಡಿದ.

ಹೊಳೆಯ ತನಕ ಚನ್ನವ್ವ ಹೋಳಿಗೆಯ ಗಂಟು ಬಿಚ್ಚಲಿಲ್ಲ. ಗಾಡಿ ನೀರು ದಾಟಿ ಈಚೆ ದಂಡೆಗೆ ಬಂದಾಗ ಅವನು ಎತ್ತಿಗೆ ನೀರು ತೋರಿಸಲು ಕೊಳ್ಳ ಹರಿದ. ಸ್ವಲ್ಪ ಹಿಂದೆ ಯಲ್ಲವ್ವನ ಗಾಡಿಯೂ ಬರುತ್ತಿತ್ತು. ಇಲ್ಲಿಂದ ಹಾದಿ ಎರಡಾಗಿ ಒಂದು ಕೌಜಲಗಿಗೆ ಹೋಗುತ್ತದೆ. ದಂಡೆಯಲ್ಲಿ ಬೇರೆ ಯಾರೂ ಇರಲಿಲ್ಲ. ಬಟ್ಟೆ ಒಗೆಯುವವರೂ ಎದ್ದು ಹೋಗಿದ್ದರು.

“ಯಪ್ಪಾ, ಬಿಳೇ ಕಾಕಾ ಅಂದ್ರ ಯಾರು?” ಅಂದಳು ಚನ್ನವ್ವ.

ಯಾರು ಹೇಳಿದರು ಎಂದು ಅವನು ಕೇಳಿದ. ಯಲ್ಲವ್ವ ದೊಡ್ಡತ್ತಿ ಅಂದಳು. ಹಿರಿಯರು ಕಟ್ಟೆಯ ಮೇಲೆ ಮಳೆಯ ಮಾತಾಡುತ್ತಿದ್ದಾಗ ಒಳಗೆ ದೊಡ್ಡತ್ತಿ ಚನ್ನವ್ವನ ತಲೆ ಬಾಚುತ್ತಾ ಹೇಳಿದಳು, ಹೆದರಬೇಡ, ಹುಟ್ಟಿದರೆ ಹುಟ್ಟಲಿ, ಅದು ನಮ್ಮ ಮನೆಯ ಬಣ್ಣ, ಯಾರ ತಪ್ಪೂ ಅಲ್ಲ ಅಂತ. ಯಮನವ್ವನಿಗೂ ಹೇಳಿದಳು. ಯಮನವ್ವ, ಮಾವ ಬಂದಾನ, ಮಾವ ಹೇಳತಾನ ಅಂದಳು. ಕಟ್ಟೆಯ ಮೇಲೆ ಅವನು ಬಾಯಿ ತೆರೆಯುವತನಕ ಅವಳು ಹಾಗೇ ಅನ್ನುತ್ತಿದ್ದಳು.

ಎತ್ತು ನೀರು ಹೀರುವ ಸದ್ದು ಕೇಳುತ್ತಿತ್ತು. ಇಲ್ಲಿ ದೈವವಿರಲಿಲ್ಲ, ಕಾಗದವಿರಲಿಲ್ಲ, ಅಪ್ಪಣ್ಣನ ಗಂಟಲಿರಲಿಲ್ಲ. ತನ್ನ ಮಗಳೊಬ್ಬಳೇ. ಅವಳಿಗೆ ಮಾತ್ರ ಕೇಳುವ ಹಾಗೆ ಒಂದು ಹೂಂ ಅಂದರೂ ಸಾಕಿತ್ತು. ಮುಂದೆ ಏನಾದರೂ ಆಗಲಿ, ಅವಳು ಆ ಹೂಂ ಹಿಡಿದುಕೊಂಡು ಹಡೆಯುತ್ತಿದ್ದಳು.

“ಹಂಗ ಯಾರೂ ಇರಲಿಲ್ಲ,” ಅಂದ ಸತ್ತೆಪ್ಪ. “ನಿಮ್ಮ ದೊಡ್ಡತ್ತಿಗೆ ವಯಸ್ಸಾಗೈತಿ.”

ಅವನು ತಿರುಗಲಿಲ್ಲ.

“ಅಂದ್ರ ನನಗ ಹುಟ್ಟಿದ್ರ?” ಅಂದಳು. ಆಮೇಲೆ, “ನಾ ಎಲ್ಲೂ ಹೋಗಿಲ್ಲ, ಯಪ್ಪಾ. ನಿನಗ ಗೊತ್ತೈತಲ್ಲ?”

ಅವನು ಎತ್ತಿನ ಬೆನ್ನಿನ ಮೇಲೆ ಕೂತ ನೊಣ ಓಡಿಸಿದ. ಗಾಡಿ ಒಂದು ಕಡೆ ವಾಲಿ ನೆಟ್ಟಗಾಯಿತು. ಚನ್ನವ್ವ ಗಾಲಿಯ ಮೇಲೆ ಕಾಲಿಟ್ಟು ಇಳಿದಿದ್ದಳು. ಗಂಟನ್ನು ಕಂಕುಳಲ್ಲಿ ಹಿಡಿದು, ಒಂದು ಕೈಯನ್ನು ನಡುವಿಗೆ ಕೊಟ್ಟು, ಮರಳಿನಲ್ಲಿ ಕಾಲೆಳೆಯುತ್ತಾ ಹಿಂದಿನ ಗಾಡಿಯ ಕಡೆ ನಡೆದಳು. ಯಲ್ಲವ್ವ ಸರಿದು ಜಾಗ ಮಾಡಿಕೊಟ್ಟು ಕೈ ಚಾಚಿದಳು. ಆ ಗಾಡಿ ಅವನನ್ನು ಹಾದು ಕೌಜಲಗಿಯ ಹಾದಿ ಹಿಡಿಯಿತು. ಅಕ್ಕನಾಗಲಿ ಮಗಳಾಗಲಿ ಅವನ ಕಡೆ ತಿರುಗಲಿಲ್ಲ. ಕರೆಯಬೇಕೆಂದು ಅವನು ಬಾಯಿ ತೆರೆದ. ಅಷ್ಟರಲ್ಲಿ, ತಾನು ಕರೆಯದೆಯೇ, ಒಂದು ವಿಚಾರ ಬಂದು ಪಕ್ಕದಲ್ಲಿ ಕೂತಿತು. ಕೌಜಲಗಿಯಲ್ಲಿ ಹಡೆದರೆ ಅದು ಮೇಲವಂಕಿಯಲ್ಲಿ ಹುಟ್ಟಿದ ಹಾಗಾಗುವುದಿಲ್ಲ. ಆ ಮನೆಯಲ್ಲಿ ಆಗಲೇ ಒಬ್ಬಳಿದ್ದಾಳೆ. ಬಸುರಿ ದಿನಾ ಸಾತವ್ವನ ಮುಖ ನೋಡಿದಳು, ಅದರ ನೆರಳು ಬಿತ್ತು ಅಂದರೆ ಊರು ನಂಬುತ್ತದೆ. ನಂಬದಿದ್ದರೂ ಮಗಳು ಅಪ್ಪನ ಮನೆ ಬಿಟ್ಟು ತಾನಾಗೇ ಹೋದವಳು. ಎಷ್ಟು ಬೇಗ ಬಂತು ಇದು, ಎಷ್ಟು ಸಲೀಸಾಗಿ. ಅವನಿಗೆ ನಾಚಿಕೆಯಾಗಬೇಕಿತ್ತು. ಎದೆಯಲ್ಲಿ ಹುಡುಕಿದ. ಸಿಕ್ಕಿದ್ದು ಬೆಳಗಿನಿಂದ ಕಟ್ಟಿಕೊಂಡಿದ್ದ ಉಸಿರು ಸಡಿಲಾದ ಸುಖ.

ಕೊಳ್ಳ ಕಟ್ಟಿ ಗಾಡಿ ಏರಿದ. ಗಾಡಿ ಹಗುರಾಗಿತ್ತು. ಬಾರುಕೋಲು ಎತ್ತುವ ಮೊದಲೇ ಎತ್ತುಗಳು ಮೇಲವಂಕಿಯ ಕಡೆ ಬಿರಬಿರನೆ ಹೆಜ್ಜೆ ಹಾಕಿದವು.